ಠಾಣೆಯ ಮೆಟ್ಟಿಲು ಹತ್ತಿದವರ ಲೆಕ್ಕ

ವರ್ಷಕ್ಕೊಮ್ಮೆ ಪೊಲೀಸ್ ಕವಾಯತು ಮೈದಾನದಲ್ಲಿ ಶಾಮಿಯಾನ ಹಾಕಿ, ಕಳವಾಗಿ ಮತ್ತೆ ಸಿಕ್ಕ ಸ್ವತ್ತನ್ನು ಅದರ ಮಾಲೀಕರಿಗೆ ಮರಳಿಸುತ್ತಾರೆ. ಉದ್ದನೆಯ ಟೇಬಲ್ಲಿಗೆ ಹಾಸಿದ ಬಟ್ಟೆಯ ಮೇಲೆ ಬೋರಮಾಳ ಸರ, ಗುಂಡಿನ ಸರ, ಝುಮಕಿ, ಮೊಬೈಲು. ಆಚೆ ಬದಿಗೆ ಬೈಕುಗಳ ಸಾಲು. ಒಂದೊಂದು ಪ್ಲಾಸ್ಟಿಕ್ ಚೀಲಕ್ಕೂ ಠಾಣೆಯ ಹೆಸರು, ಅಪರಾಧ ಸಂಖ್ಯೆ ಬರೆದ ಚೀಟಿ. ಕೆಲವು ವರ್ಷಗಳ ಹಿಂದೆ ಅಂಥದೊಂದು ಕಾರ್ಯಕ್ರಮದಲ್ಲಿ ಮುಂಡರಗಿ ಕಡೆಯ ಒಬ್ಬ ಅಜ್ಜಿಯನ್ನು ಕಂಡೆ. ಸರ ಕೈಗೆ ಬಂದ ಕೂಡಲೇ ಆಕೆ ತೂಕ ಕೇಳಲಿಲ್ಲ, ಫೋಟೊ ತೆಗೆಯುವವರ ಕಡೆಗೂ ತಿರುಗಲಿಲ್ಲ. ಕೊಂಡಿಯ ಹತ್ತಿರ ಬೆರಳಾಡಿಸಿದಳು. ಕೊಂಡಿ ಸಡಿಲಾಗಿತ್ತೆಂದು ಎಂದೋ ತಾನೇ ಸುತ್ತಿದ್ದ ಕೆಂಪು ದಾರ ಅಲ್ಲೇ ಇತ್ತು. "ದಾರಾ ಸೈತ ಹಂಗ ಐತಿ ನೋಡ್ರಿ, ಸಾಹೇಬ್ರ" ಅಂದಳು.

ಆ ಅಜ್ಜಿಯ ಮುಖ ನೋಡಿದವರು ಪೊಲೀಸರ ಕೆಲಸದ ಬಗ್ಗೆ ಹಗುರವಾಗಿ ಮಾತಾಡಲಾರರು. ಸರ ಕದ್ದವನು ಯಾವ ಊರಿನವನೋ, ಮಾರಿದ್ದು ಯಾವ ಪೇಟೆಯಲ್ಲೋ. ಅದನ್ನು ಹುಡುಕಿ, ಪಂಚನಾಮೆ ಮಾಡಿ, ನ್ಯಾಯಾಲಯದ ಅನುಮತಿ ಪಡೆದು ಇಲ್ಲಿಗೆ ತರುವುದು ಸಣ್ಣ ಕೆಲಸವಲ್ಲ. ಅದೇ ದಿನ ವರ್ಷದ ಅಂಕಿಗಳೂ ಹೊರಬೀಳುತ್ತವೆ: ಇಷ್ಟು ಪ್ರಕರಣ ದಾಖಲು, ಇಷ್ಟು ಪತ್ತೆ, ಇಷ್ಟು ಲಕ್ಷದ ಸ್ವತ್ತು ವಶ, ಇಷ್ಟು ಜನರ ಗಡಿಪಾರು. ಮರುದಿನ ಪತ್ರಿಕೆಗಳಲ್ಲಿ ಅದೇ ಸುದ್ದಿ. ಗದಗ ಜಿಲ್ಲೆಯ ಪೊಲೀಸ್ ಕೆಲಸವನ್ನು ಹತ್ತಿರದಿಂದ ನೋಡುತ್ತ ಬಂದ ನನಗೆ ಈ ಅಂಕಿಗಳ ಬಗ್ಗೆ ಗೌರವವಿದೆ. ಆದರೆ ಆ ಟೇಬಲ್ಲಿನ ಮೇಲೆ ಯಾರ ಸ್ವತ್ತು ಬರಲೇ ಇಲ್ಲ, ಯಾರು ಠಾಣೆಯ ಗೇಟಿನವರೆಗೆ ಬಂದು ಹಿಂದಿರುಗಿದರು ಎಂಬುದನ್ನು ಅವು ಹೇಳುವುದಿಲ್ಲ. ಒಂದು ಪೊಲೀಸ್ ಪಡೆಯ ವರ್ಷವನ್ನು ತೂಗಬೇಕಾದ್ದು ಅಲ್ಲಿಂದಲೇ ಎಂದು ನನ್ನ ನಂಬಿಕೆ.

ಮೊದಲು ನೆಲದ ಮಾತು. 1997ರಲ್ಲಿ ಧಾರವಾಡದಿಂದ ಬೇರೆಯಾದ ಗದಗ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಹತ್ತೂವರೆ ಲಕ್ಷಕ್ಕೂ ಹೆಚ್ಚು ಜನ. ಗದಗ-ಬೆಟಗೇರಿ ಅವಳಿ ನಗರದಲ್ಲಿ 1.72 ಲಕ್ಷ. ನೆರೆಯ ಹುಬ್ಬಳ್ಳಿ-ಧಾರವಾಡದಂತೆ ಇಲ್ಲಿ ಪೊಲೀಸ್ ಕಮಿಷನರೇಟ್ ಇಲ್ಲ. ಬೆಳಗಾವಿಯ ಉತ್ತರ ವಲಯದಡಿ ಒಬ್ಬ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ನಗರವನ್ನೂ ಹಳ್ಳಿಯನ್ನೂ ಒಟ್ಟಿಗೆ ನೋಡಿಕೊಳ್ಳಬೇಕು. ಬೆಟಗೇರಿಯ ನೇಕಾರರ ಓಣಿ, ಲಕ್ಷ್ಮೇಶ್ವರದ ಪೇಟೆ, ಶಿರಹಟ್ಟಿ-ಮುಂಡರಗಿ ತಾಲ್ಲೂಕುಗಳ ತುಂಗಭದ್ರೆಯ ದಂಡೆ, ಕಪ್ಪತಗುಡ್ಡದ ಸೆರಗಿನ ತಾಂಡಾಗಳು. ಒಂದೊಂದರ ಅಪರಾಧವೂ ಬೇರೆ, ಭಯವೂ ಬೇರೆ. ಕಳೆದ ಐದಾರು ವರ್ಷಗಳಲ್ಲಿ ಯತೀಶ್ ಎನ್., ಶಿವಪ್ರಕಾಶ್ ದೇವರಾಜು, ಬಿ.ಎಸ್. ನೇಮಗೌಡ, ರೋಹನ್ ಜಗದೀಶ್ ಹೀಗೆ ನಾಲ್ವರು ವರಿಷ್ಠಾಧಿಕಾರಿಗಳನ್ನು ಜಿಲ್ಲೆ ಕಂಡಿದೆ. ಕನಿಷ್ಠ ಎರಡು ವರ್ಷದ ಅವಧಿ ಕೊಡಿ ಎಂದು ಸುಪ್ರೀಂ ಕೋರ್ಟ್ 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು ಈ ಕಾರಣಕ್ಕೇ. ಊರಿನ ಒಳಹೊರಗು ತಿಳಿಯುವಷ್ಟರಲ್ಲಿ ವರ್ಗಾವಣೆ ಆದೇಶ ಬಂದರೆ ಆದ್ಯತೆಗಳ ಪಟ್ಟಿ ಹೊಸದಾಗಿ ಬರೆಯಬೇಕಾಗುತ್ತದೆ.

ದೊಡ್ಡ ಪ್ರಕರಣ ಬಂದಾಗ ಈ ಪಡೆ ಏನು ಮಾಡಬಲ್ಲದೆಂಬುದು 2024ರ ಏಪ್ರಿಲ್‌ನಲ್ಲಿ ಗೊತ್ತಾಯಿತು. 19ರ ನಸುಕಿನಲ್ಲಿ ದಾಸರ ಓಣಿಯ ಒಂದು ಮನೆಯಲ್ಲಿ ನಾಲ್ವರ ಕೊಲೆಯಾಯಿತು. ಸತ್ತವರಲ್ಲಿ ಮೂವರು ನಿಶ್ಚಯ ಕಾರ್ಯಕ್ಕೆಂದು ಬಂದಿದ್ದ ನೆಂಟರು. ಅವಳಿ ನಗರವೇ ಬಾಗಿಲು ಭದ್ರ ಮಾಡಿಕೊಂಡು ಮಲಗಿದ ದಿನಗಳವು. ಮೂರೇ ದಿನದಲ್ಲಿ ಪೊಲೀಸರು ಎಂಟು ಮಂದಿಯನ್ನು ಬಂಧಿಸಿದರು. ಕೆಲವರು ಮಹಾರಾಷ್ಟ್ರದ ಮೀರಜ್‌ನವರು. ಆಸ್ತಿ ಜಗಳದ ಹಿನ್ನೆಲೆಯಲ್ಲಿ ಸುಪಾರಿ ಕೊಟ್ಟು ಮಾಡಿಸಿದ ಕೃತ್ಯ ಇದು ಎಂಬುದು ಪೊಲೀಸರ ಆರೋಪ. ಹಗಲು ರಾತ್ರಿ ನಿದ್ದೆಗೆಟ್ಟು ಕೆಲಸ ಮಾಡಿದ ಆ ತಂಡಗಳಿಗೆ ಸಂದ ಮೆಚ್ಚುಗೆ ನ್ಯಾಯವಾದದ್ದೇ.

ಆದರೆ ಊರಿನ ಕಣ್ಣೆಲ್ಲ ನೆಟ್ಟಿರುವ ಪ್ರಕರಣದಲ್ಲಿ ತೋರುವ ಚುರುಕು, ಯಾರೂ ನೋಡದ ಪ್ರಕರಣದಲ್ಲಿ ಎಷ್ಟು ಉಳಿಯುತ್ತದೆ? ಇಲ್ಲಿ ಅಂಕಿಗಳ ಒಳಗುಟ್ಟು ಸ್ವಲ್ಪ ಬಿಡಿಸಿ ಹೇಳಬೇಕು. ಠಾಣೆಗೆ ಹೋದವನ ಮಾತೆಲ್ಲ ಎಫ್‌ಐಆರ್ ಆಗುವುದಿಲ್ಲ. ಬಹಳಷ್ಟು 'ಅರ್ಜಿ' ಆಗುತ್ತವೆ. ಎರಡೂ ಕಡೆಯವರನ್ನು ಕರೆಸಿ, ಬುದ್ಧಿ ಹೇಳಿ, ರಾಜಿ ಮಾಡಿಸಿ, ಇಲ್ಲವೆ 'ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ' ಎಂದು ಹಿಂಬರಹ ಕೊಟ್ಟು ಕಳಿಸುತ್ತಾರೆ. ದಾಖಲಾದ ಪ್ರಕರಣದಲ್ಲೂ ಆರೋಪಿ ಸಿಗದಿದ್ದರೆ 'ಪತ್ತೆಯಾಗಿಲ್ಲ' ಎಂಬ 'ಸಿ' ರಿಪೋರ್ಟ್ ಕೋರ್ಟಿಗೆ ಹೋಗುತ್ತದೆ. ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ 2013ರ ಲಲಿತಾ ಕುಮಾರಿ ತೀರ್ಪು ಸ್ಪಷ್ಟವಾಗಿ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ ಹದಿನಾಲ್ಕು ದಿನದ ಪ್ರಾಥಮಿಕ ವಿಚಾರಣೆಗೆ ಅವಕಾಶ ಕೊಟ್ಟಿದೆ. ಹೀಗಿರುವಾಗ 'ಈ ವರ್ಷ ಅಪರಾಧ ಕಡಿಮೆಯಾಗಿದೆ' ಎಂಬ ಮಾತಿಗೆ ಎರಡು ಅರ್ಥ ಸಾಧ್ಯ. ಕಳ್ಳರು ಕಡಿಮೆಯಾಗಿರಬಹುದು, ದೂರು ಬರೆದುಕೊಳ್ಳುವುದು ಕಡಿಮೆಯಾಗಿರಬಹುದು. ಯಾವ ಠಾಣೆಯಲ್ಲಿ ಪ್ರಕರಣಗಳ ಸಂಖ್ಯೆ ಏರಿದೆಯೋ ಅಲ್ಲಿನ ಫೌಜದಾರರನ್ನು ತರಾಟೆಗೆ ತೆಗೆದುಕೊಳ್ಳುವ ರೂಢಿ ಇರುವವರೆಗೆ ಎರಡನೆಯ ಅರ್ಥವೇ ಮೇಲುಗೈ ಪಡೆಯುತ್ತದೆ.

ಮೀಟರ್ ಬಡ್ಡಿಯ ವಿಷಯದಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಗದಗ-ಬೆಟಗೇರಿಯಲ್ಲಿ ಈ ದಂಧೆ ಗುಟ್ಟಿನದಲ್ಲ. ನೇಕಾರ, ತರಕಾರಿ ಮಾರುವವಳು, ಆಟೊ ಓಡಿಸುವವನು, ಸಣ್ಣ ಗುತ್ತಿಗೆದಾರ, ಕೆಲವೊಮ್ಮೆ ಸರ್ಕಾರಿ ನೌಕರ ಕೂಡ ಇದರ ಗಿರಾಕಿ. ಹತ್ತು ಸಾವಿರ ಸಾಲವೆಂದರೆ ಕೈಗೆ ಬರುವುದು ಒಂಬತ್ತೇ ಸಾವಿರ; ಮೊದಲ ಬಡ್ಡಿ ಮುರಿದುಕೊಂಡೇ ಕೊಡುತ್ತಾರೆ. ತಿಂಗಳಿಗೆ ನೂರಕ್ಕೆ ಹತ್ತು ಎಂದರೆ ವರ್ಷಕ್ಕೆ ನೂರಿಪ್ಪತ್ತು. ಸರ್ಕಾರ ಗೊತ್ತುಮಾಡಿದ ಮಿತಿ ಭದ್ರತೆ ಇರುವ ಸಾಲಕ್ಕೆ ವರ್ಷಕ್ಕೆ ಶೇ 14, ಇಲ್ಲದ್ದಕ್ಕೆ ಶೇ 16. ಸಾಲ ಕೊಡುವಾಗ ಖಾಲಿ ಚೆಕ್ಕು, ಖಾಲಿ ಬಾಂಡ್ ಪೇಪರಿನ ಮೇಲೆ ಸಹಿ, ಎಟಿಎಂ ಕಾರ್ಡು, ಒಮ್ಮೊಮ್ಮೆ ಮನೆಯ ಖರೀದಿ ಪತ್ರವನ್ನೇ ಬರೆಸಿಕೊಳ್ಳುತ್ತಾರೆ. ಹೀಗೆ ಎಲ್ಲ ಕಾಗದಕ್ಕೂ ತಾನೇ ಸಹಿ ಹಾಕಿದವನು ಠಾಣೆಗೆ ಹೋಗಿ ಏನೆಂದು ಹೇಳಬೇಕು? ಹೇಳಿದರೂ 'ನೀನಽ ಸಹಿ ಮಾಡೀಯಲ್ಲೊ' ಎಂಬ ಮಾತು ಕೇಳಬೇಕಾಗುತ್ತಿತ್ತು. ಹಿಂಬರಹದ ಕಾಗದ ಹಿಡಿದು ಹೊರಬಂದವರು ನನಗೆ ಗೊತ್ತು. ಅವರಲ್ಲೊಬ್ಬರು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಮನೆಯ ಜಗಲಿಯ ಮೇಲೆ ದೇವರ ಫೋಟೊದ ಹಿಂದೆ ಇಟ್ಟಿದ್ದರು. ಕೇಳಿದರೆ, "ಕೊಟ್ಟದ್ದಕ್ಕ ಪುರಾವೆ ಬೇಕಲ್ರಿ" ಅಂದರು.

2025ರ ಫೆಬ್ರುವರಿಯಲ್ಲಿ ಚಿತ್ರ ಬದಲಾಯಿತು. ಮೈಕ್ರೊ ಫೈನಾನ್ಸ್ ಕಿರುಕುಳದಿಂದ ರಾಜ್ಯದ ಹಲವೆಡೆ ಜನ ಪ್ರಾಣ ಕಳೆದುಕೊಂಡ ಮೇಲೆ ಸರ್ಕಾರ ಸುಗ್ರೀವಾಜ್ಞೆ ತಂದು, ನಂತರ ಅದನ್ನೇ ಕಾಯ್ದೆ ಮಾಡಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಪರವಾನಗಿ ಇಲ್ಲದವರು ದುರ್ಬಲರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ಚುಕ್ತಾ ಆದಂತೆ. ಯಾವ ಠಾಣೆಯೂ ದೂರು ನಿರಾಕರಿಸುವಂತಿಲ್ಲ. ಅದೇ ತಿಂಗಳಲ್ಲಿ ಗದಗ ಪೊಲೀಸರು ಅವಳಿ ನಗರದಲ್ಲಿ ಬಡ್ಡಿ ದಂಧೆಯವರ ಮನೆಗಳ ಮೇಲೆ ದಾಳಿ ಮಾಡಿದರು. ಬೆಟಗೇರಿಯ ಒಬ್ಬ ಲೇವಾದೇವಿದಾರನಿಗೆ ಸೇರಿದ ಜಾಗಗಳಲ್ಲಿ ಸಿಕ್ಕ ನಗದು ಐದು ಕೋಟಿಗೆ ಹತ್ತಿರ, ಬಂಗಾರ ಒಂದು ಕೆ.ಜಿ.ಗೆ ಹತ್ತಿರ, ಜೊತೆಗೆ ಬಾಂಡುಗಳು. ಇದೆಲ್ಲ ಆರಂಭವಾದದ್ದು ಒಬ್ಬ ಸಾಲಗಾರ ಧೈರ್ಯ ಮಾಡಿ ಕೊಟ್ಟ ದೂರಿನಿಂದ. ಒಂದು ದೂರನ್ನು ಸರಿಯಾಗಿ ಬರೆದುಕೊಂಡರೆ ಏನಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗದೆ ಇರದು. ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿ ಅಲ್ಲಿಂದ ಹೆಜ್ಜೆ ಇಟ್ಟಿತೆಂದು ನಾವು ಹೆಮ್ಮೆ ಪಡುತ್ತೇವೆ. ಸಾಹುಕಾರರ ಬಡ್ಡಿಯಿಂದ ರೈತನನ್ನು ಬಿಡಿಸುವುದೇ ಅದರ ಉದ್ದೇಶವಾಗಿತ್ತು. ನೂರಿಪ್ಪತ್ತು ವರ್ಷದ ನಂತರ ಅದೇ ತಾಲ್ಲೂಕಿನಲ್ಲಿ ಅದೇ ಕೆಲಸಕ್ಕೆ ಪೊಲೀಸರು ಬಾಗಿಲು ತಟ್ಟಬೇಕಾಯಿತು. ಲೇವಾದೇವಿಗೆ ಪರವಾನಗಿ ಕೊಡುವುದು, ಅವರ ಲೆಕ್ಕಪತ್ರ ತಪಾಸಣೆ ಮಾಡುವುದು ಸಹಕಾರ ಇಲಾಖೆಯ ಹೊಣೆ. ಆ ತಪಾಸಣೆ ನಿಯಮಿತವಾಗಿ ನಡೆದಿದ್ದರೆ ಬಾಂಡುಗಳ ರಾಶಿ ಇಷ್ಟು ಬೆಳೆಯುತ್ತಿರಲಿಲ್ಲ. ಪೊಲೀಸರನ್ನು ಮಾತ್ರ ದೂರಿ ಕೂರುವುದು ಸರಿಯಲ್ಲ.

ದಾಳಿಯ ದಿನ ಫೋಟೊ ಬರುತ್ತದೆ. ಅಸಲಿ ಕೆಲಸ ಆಮೇಲಿನದು. ಜಪ್ತಿಯಾದ ಬಾಂಡಿನ ಹಿಂದೆ ಒಬ್ಬೊಬ್ಬ ಮನುಷ್ಯ ಇದ್ದಾನೆ. ಅವನು ಸಾಕ್ಷಿ ಹೇಳಬೇಕು. ಸಾಕ್ಷಿ ಹೇಳಿದ ಮೇಲೂ ಅದೇ ಓಣಿಯಲ್ಲಿ, ವಸೂಲಿಗೆ ಬರುತ್ತಿದ್ದ ಹುಡುಗರ ಎದುರಿಗೇ ಬದುಕಬೇಕು. ಪ್ರಕರಣ ನಾಲ್ಕೈದು ವರ್ಷ ಎಳೆದರೆ ಸಾಕ್ಷಿಗಳು ಒಬ್ಬೊಬ್ಬರಾಗಿ ಮಾತು ಬದಲಿಸುತ್ತಾರೆ. ಬರುವ ವರ್ಷಗಳ ಆದ್ಯತೆಗಳಲ್ಲಿ ನಾನು ಮೊದಲಿಗೆ ಇಡುವುದು ಇದನ್ನೇ: ಬಡ್ಡಿ ಪ್ರಕರಣಗಳ ದೋಷಾರೋಪ ಪಟ್ಟಿ ಹೊತ್ತಿಗೆ ಸರಿಯಾಗಿ ಹೋಗಲಿ, ಸಾಕ್ಷಿಗಳ ಮನೆಯ ಕಡೆಗೆ ಬೀಟ್ ಪೊಲೀಸರು ಒಂದು ಕಣ್ಣಿಡಲಿ, ಬರೆಸಿಕೊಂಡ ಖರೀದಿ ಪತ್ರಗಳು ರದ್ದಾಗಲಿ. ಎಷ್ಟು ಕೋಟಿ ಸಿಕ್ಕಿತೆಂಬುದನ್ನು ಊರು ಮರೆಯುತ್ತದೆ. ಮನೆ ಉಳಿದದ್ದನ್ನು ಆ ಕುಟುಂಬ ಮರೆಯುವುದಿಲ್ಲ.

ಇನ್ನು ಲಕ್ಷ್ಮೇಶ್ವರ. 2017ರ ಫೆಬ್ರುವರಿಯಲ್ಲಿ ಅಲ್ಲಿ ನಡೆದದ್ದನ್ನು ಹೇಳದೆ ಈ ಜಿಲ್ಲೆಯ ಪೊಲೀಸ್ ಸಮೀಕ್ಷೆ ಪೂರ್ಣವಾಗದು. ಅಕ್ರಮ ಮರಳು ಸಾಗಣೆಯ ಆರೋಪದಲ್ಲಿ ಪೊಲೀಸರು ಹಿಡಿದಿದ್ದ ವ್ಯಕ್ತಿ ಸತ್ತ. ಪೊಲೀಸರ ಹೊಡೆತದಿಂದಲೇ ಸತ್ತನೆಂದು ಮನೆಯವರು ಆರೋಪಿಸಿದರು. ಸಿಟ್ಟಿಗೆದ್ದ ಗುಂಪು ಠಾಣೆಗೆ ನುಗ್ಗಿ ಬೆಂಕಿ ಇಟ್ಟಿತು. ವಾಹನಗಳು ಸುಟ್ಟು ಕರಕಲಾದವು. ಠಾಣೆ ಸುಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಜನ ಠಾಣೆಯನ್ನು ತಮ್ಮದೆಂದು ಭಾವಿಸಿದ್ದರೆ ಆ ಬೆಂಕಿ ಹತ್ತುತ್ತಿತ್ತೆ ಎಂದು ಕೇಳಿಕೊಳ್ಳಲೇಬೇಕು. ಪುಲಿಗೆರೆಯ (ಲಕ್ಷ್ಮೇಶ್ವರದ ಹಳೆಯ ಹೆಸರು) ಸೋಮೇಶ್ವರನ ಗುಡಿಗೂ ದೂದನಾನಾ ದರ್ಗಾಕ್ಕೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವ ಊರದು. ಅಂಥ ಊರು ಹೀಗೆ ಕೆರಳಿತೆಂದರೆ ಮೊದಲೇ ಎಲ್ಲಿಯೋ ನಂಬಿಕೆಯ ಎಳೆ ಹರಿದಿತ್ತು. ಈ ಜಿಲ್ಲೆಗೆ ಇನ್ನೂ ಹಳೆಯ ಗಾಯವೂ ಇದೆ. 1980ರ ಜುಲೈ 21ರಂದು ನರಗುಂದದಲ್ಲಿ ಚಳವಳಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು, ಪೊಲೀಸರೂ ಪ್ರಾಣ ಕಳೆದುಕೊಂಡರು. ಪ್ರತಿವರ್ಷ ಆ ದಿನ ರೈತರು ಹುತಾತ್ಮ ವೀರಗಲ್ಲಿಗೆ ಹೂ ಹಾಕುತ್ತಾರೆ.

ಮರಳಿನ ಕಥೆ ಲಕ್ಷ್ಮೇಶ್ವರದಲ್ಲಿ ಮುಗಿಯುವುದಿಲ್ಲ. ಕೊರ್ಲಹಳ್ಳಿಯ ಹತ್ತಿರ ತುಂಗಭದ್ರೆಯ ಸೇತುವೆ ದಾಟಿದರೆ ಆಚೆ ಹೂವಿನಹಡಗಲಿ, ಬೇರೆ ಜಿಲ್ಲೆ, ಬೇರೆ ಠಾಣೆ. ಹೊಳೆಯ ಈ ದಂಡೆಯಲ್ಲಿ ಬಿಗಿ ಮಾಡಿದರೆ ಟ್ರ್ಯಾಕ್ಟರು ಆ ದಂಡೆಗೆ ಹೋಗುತ್ತದೆ. ಗಣಿ ಮತ್ತು ಭೂವಿಜ್ಞಾನ, ಕಂದಾಯ, ಪೊಲೀಸ್ ಮೂರೂ ಇಲಾಖೆಗಳ ಹೊಣೆ ಇದಾಗಿದ್ದರೂ ರಾತ್ರಿ ಎರಡು ಗಂಟೆಗೆ ಟ್ರ್ಯಾಕ್ಟರ್ ಅಡ್ಡಹಾಕುವವನು ಒಬ್ಬ ಕಾನ್‌ಸ್ಟೆಬಲ್. ಸಿಕ್ಕಿಬೀಳುವವನು ದಿನಗೂಲಿಯ ಡ್ರೈವರ್. ಮಾಲೀಕನ ಹೆಸರು ಎಫ್‌ಐಆರ್‌ನಲ್ಲಿ ಎಷ್ಟು ಸಲ ಬರುತ್ತದೆ, ಅವನಿಗೆ ಶಿಕ್ಷೆ ಎಷ್ಟು ಸಲ ಆಗುತ್ತದೆ ಎಂಬ ಅಂಕಿಯನ್ನು ವಾರ್ಷಿಕ ವರದಿಯಲ್ಲಿ ಸೇರಿಸಲಿ. ಹಾಗೆಯೇ ಸಿಸಿ ಟಿವಿ. ಪ್ರತಿ ಠಾಣೆಯಲ್ಲಿ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು ಹದಿನೆಂಟು ತಿಂಗಳು ಕಾಪಿಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಲಾಕಪ್ಪಿನ ಎದುರಿನ ಕ್ಯಾಮೆರಾ ಒಳಗಿರುವವನನ್ನೂ ಕಾಯುತ್ತದೆ, ಸುಳ್ಳು ಆರೋಪದಿಂದ ಪೊಲೀಸರನ್ನೂ ಕಾಯುತ್ತದೆ. 2017ರ ಆ ದಿನ ಅಂಥ ದೃಶ್ಯವೊಂದು ಎಲ್ಲರ ಕಣ್ಣೆದುರಿಗೆ ಇದ್ದಿದ್ದರೆ ಊರು ಬೆಂಕಿಯವರೆಗೆ ಹೋಗದೆಯೂ ಇರಬಹುದಿತ್ತು.

ಸೈಬರ್ ವಂಚನೆಯ ಬಗ್ಗೆ ಎಲ್ಲರೂ ಮಾತಾಡುತ್ತಿರುವುದರಿಂದ ಚಿಕ್ಕದಾಗಿ ಹೇಳುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ ಕರ್ನಾಟಕದಲ್ಲಿ 2022ರಲ್ಲಿ 12,556 ಸೈಬರ್ ಪ್ರಕರಣ ದಾಖಲಾಗಿದ್ದವು, 2023ರಲ್ಲಿ 21,889. ದೊಡ್ಡ ಪಾಲು ಬೆಂಗಳೂರಿನದು. ಆದರೆ ಪಿಎಂ ಕಿಸಾನ್ ಹೆಸರಿನ ಎಪಿಕೆ ಫೈಲು ವಾಟ್ಸ್‌ಆ್ಯಪ್‌ನಲ್ಲಿ ಬರುವುದು ಶಿರಹಟ್ಟಿಯ ರೈತನಿಗೂ. ಹಣ ಹೋದ ಮೊದಲ ಒಂದೆರಡು ಗಂಟೆಯಲ್ಲಿ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಬ್ಯಾಂಕಿನಲ್ಲಿ ತಡೆಹಿಡಿಸಬಹುದು. ಮಗ ಊರಿಂದ ಬರಲಿ, ನಾಳೆ ಗದಗಕ್ಕೆ ಹೋಗೋಣ ಎನ್ನುವಷ್ಟರಲ್ಲಿ ಅದು ಹತ್ತು ಖಾತೆ ದಾಟಿರುತ್ತದೆ. ಹೆಸರಿಗೆ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಸೆನ್ ಠಾಣೆ ಜಿಲ್ಲಾ ಕೇಂದ್ರದಲ್ಲಿದೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಠಾಣೆಗಳಲ್ಲಿ ಹಗಲಿರುಳೂ ಈ ಕೆಲಸ ಬಲ್ಲ ಒಬ್ಬೊಬ್ಬ ಸಿಬ್ಬಂದಿ ಇರಬೇಕು. 'ಗದಗಕ್ಕ ಹೋಗ್ರಿ' ಎಂಬ ಉತ್ತರವೇ ಅರ್ಧ ನಷ್ಟಕ್ಕೆ ಕಾರಣ.

ಬಾಲ್ಯವಿವಾಹ ಹೆಚ್ಚು ಗಮನ ಬೇಡುವ ವಿಷಯ. ಕರ್ನಾಟಕದ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು, ದೂರಿಗೆ ಕಾಯದೆ ಪೊಲೀಸರೇ ಪ್ರಕರಣ ದಾಖಲಿಸಬೇಕು. ಆದರೂ ನಮ್ಮ ಹಳ್ಳಿ, ತಾಂಡಾಗಳಲ್ಲಿ ಗೋವಾ, ಮಂಗಳೂರು ಕಡೆ ದುಡಿಯಲು ಹೋಗುವ ತಂದೆ-ತಾಯಿಗೆ ಬೆಳೆದ ಮಗಳನ್ನು ಯಾರ ಬಳಿ ಬಿಡುವುದೆಂಬ ಭಯ. ಆ ಭಯವೇ ಮದುವೆ ಮಾಡಿಸುತ್ತದೆ. ಹಂದರ ಹಾಕಿದ ಮೇಲೆ ಪೊಲೀಸ್ ಜೀಪು ಹೋದರೆ ಮದುವೆ ನಿಲ್ಲುತ್ತದೆ, ವಾರದ ನಂತರ ಬೇರೆ ಊರಿನ ಗುಡಿಯಲ್ಲಿ ಆಗುತ್ತದೆ. ಗುಳೆ ಹೋಗುವ ಮೊದಲೇ ಆ ಹುಡುಗಿ ಹಾಸ್ಟೆಲ್ಲಿಗೆ ಸೇರಿದಳೇ ಎಂದು ನೋಡುವವರು ಬೇಕು. 2025ರ ಜುಲೈನಲ್ಲಿ ರಾಜ್ಯದಾದ್ಯಂತ ಶುರುವಾದ, ಬೀಟ್ ಪೊಲೀಸರು ಮನೆಗಳಿಗೆ ಭೇಟಿ ಕೊಡುವ 'ಮನೆ ಮನೆಗೆ ಪೊಲೀಸ್' ಯೋಜನೆ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಬೀಟ್ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಬರುವುದಕ್ಕೆ ಬದಲು ಕಟ್ಟೆಯ ಮೇಲೆ ಹತ್ತು ನಿಮಿಷ ಕೂತು ಮಾತಾಡಿದರೆ ಬೀಟ್ ಪೊಲೀಸರಿಗೆ ಎಲ್ಲವೂ ತಿಳಿಯುತ್ತದೆ. ಜೊತೆಗೆ ಒಬ್ಬ ಮಹಿಳಾ ಸಿಬ್ಬಂದಿ ಇದ್ದರೆ ಒಳಮನೆಯ ಮಾತೂ ಹೊರಬರುತ್ತದೆ.

ರಸ್ತೆಯ ಸಾವನ್ನು ನಾವು ಅಪರಾಧವೆಂದು ಎಣಿಸುವುದೇ ಇಲ್ಲ. ರಾಜ್ಯದಲ್ಲಿ ಒಂದು ವರ್ಷಕ್ಕೆ ಕೊಲೆಯಾಗುವವರು ಒಂದೂವರೆ ಸಾವಿರದೊಳಗೆ. ರಸ್ತೆಯಲ್ಲಿ ಸಾಯುವವರು 2023ರಲ್ಲಿ 12 ಸಾವಿರ ಮೀರಿದರು. ಗದಗದ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 67ರಲ್ಲಿ, ಸುಗ್ಗಿಯ ಕಾಲಕ್ಕೆ ಹಿಂದಿನ ದೀಪವಿಲ್ಲದೆ ಹೋಗುವ ಟ್ರ್ಯಾಕ್ಟರ್ ಟ್ರೇಲರುಗಳಿಗೆ ಒಂದು ಕೆಂಪು ಪಟ್ಟಿ ಅಂಟಿಸುವುದು ಅಗ್ಗದ ಕೆಲಸ, ಜೀವ ಉಳಿಸುವ ಕೆಲಸ.

ಇಷ್ಟೆಲ್ಲ ಕೇಳುವಾಗ ಕೆಲಸ ಮಾಡುವವರ ಕಡೆಗೂ ನೋಡಬೇಕು. ಶಿರಹಟ್ಟಿಯ ಫಕ್ಕೀರೇಶ್ವರ ಜಾತ್ರೆ, ಗದಗಿನ ತೋಂಟದಾರ್ಯ ಜಾತ್ರೆ, ಗಣಪತಿ, ಮೊಹರಂ, ಚುನಾವಣೆ, ಮಂತ್ರಿಗಳ ಭೇಟಿ; ಬಂದೋಬಸ್ತಿಗೆ ಅದೇ ಜನ, ತನಿಖೆಗೂ ಅದೇ ಜನ. 2025ರ ನವೆಂಬರ್‌ನಲ್ಲಿ ಮೆಕ್ಕೆಜೋಳ ಖರೀದಿ ಕೇಂದ್ರಕ್ಕಾಗಿ ಲಕ್ಷ್ಮೇಶ್ವರದಲ್ಲಿ ರೈತರು ದಿನಗಟ್ಟಲೆ ಧರಣಿ ಕೂತಾಗ ಎದುರಿಗೆ ನಿಂತ ಕಾನ್‌ಸ್ಟೆಬಲ್‌ಗಳಲ್ಲಿಯೂ ರೈತರ ಮನೆಯ ಮಕ್ಕಳಿದ್ದರು. ಆ ವರ್ಷದ ಅಕ್ಟೋಬರ್‌ನಲ್ಲಿ ಅವರ ಹಳೆಯ ಸ್ಲೋಚ್ ಹ್ಯಾಟ್ ಹೋಗಿ ಹೊಸ ಪೀಕ್ ಕ್ಯಾಪ್ ಬಂತು. ಒಳ್ಳೆಯದಾಯಿತು. ತಪ್ಪದ ವಾರದ ರಜೆ, ಬಂದೋಬಸ್ತಿಗೆ ಎಳೆಯದ ಪ್ರತ್ಯೇಕ ತನಿಖಾ ಸಿಬ್ಬಂದಿ ಕೂಡ ಬಂದರೆ ಇನ್ನೂ ಒಳ್ಳೆಯದು. ಹೊಸ ನಾಗರಿಕ ಸುರಕ್ಷಾ ಸಂಹಿತೆ ಶೋಧದ ವಿಡಿಯೊ ಕೇಳುತ್ತದೆ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಕ್ಕೆ ವಿಧಿವಿಜ್ಞಾನ ತಜ್ಞರ ಸ್ಥಳ ಪರಿಶೀಲನೆ ಕೇಳುತ್ತದೆ, ತೊಂಬತ್ತು ದಿನದೊಳಗೆ ದೂರುದಾರನಿಗೆ ತನಿಖೆಯ ಪ್ರಗತಿ ತಿಳಿಸಲು ಹೇಳುತ್ತದೆ. ಜಾತ್ರೆಯ ರಥದ ಹಗ್ಗದ ಪಕ್ಕ ನಿಂತವನಿಂದಲೇ ಇದನ್ನೆಲ್ಲ ನಿರೀಕ್ಷಿಸುವುದು ಅನ್ಯಾಯ.

ಜಿಲ್ಲಾ ವರಿಷ್ಠಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ವಾರ್ಷಿಕ ಲೆಕ್ಕದಲ್ಲಿ ಪ್ರತಿ ಠಾಣೆಯ ಎದುರು ಮೂರು ಅಂಕಿ ಹೆಚ್ಚಿಗೆ ಕೊಡಿ: ಎಷ್ಟು ಜನ ದೂರು ತಂದರು, ಅದರಲ್ಲಿ ಎಷ್ಟು ಎಫ್‌ಐಆರ್ ಆದವು, ಎಷ್ಟಕ್ಕೆ ಹಿಂಬರಹ ಕೊಡಲಾಯಿತು. ಎಫ್‌ಐಆರ್ ಹೆಚ್ಚು ಮಾಡಿದ ಠಾಣೆಯನ್ನು ಬೈಯಬೇಡಿ.

ಓದುಗರಿಗೂ ಒಂದು ಮಾತು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಸುಮ್ಮನೆ ಮನೆಗೆ ಬರಬೇಡಿ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅದೇ ದೂರನ್ನು ಬರವಣಿಗೆಯಲ್ಲಿ ಅಂಚೆ ಮೂಲಕ ಜಿಲ್ಲಾ ವರಿಷ್ಠಾಧಿಕಾರಿಗೆ ಕಳಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನೂ ದೂರಿನ ಒಂದು ಪ್ರತಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.